ಲೇಬಲ್ ಪ್ರಿಂಟ್ ಅಂಚು ದಾಟುತ್ತಿದೆಯಾ? ಹೀಗೆ ನೋಡಿ

ಸ್ಟಿಕರ್ ಲೇಬಲ್‌ನಲ್ಲಿ ಅಕ್ಷರ ಅಂಚು ದಾಟುತ್ತಿದ್ದರೆ ಮೊದಲು ಪ್ರಿಂಟ್ ಸೆಟ್ಟಿಂಗ್ ನೋಡಿ. ‘ಫಿಟ್ ಟು ಪೇಜ್’ ತೆಗೆದು ‘ಆಕ್ಚುವಲ್ ಸೈಜ್’ ಅಥವಾ 100% ಇಡಿ. ಪೇಪರ್ ಸೈಜ್ ಕೂಡ ಸರಿಯಿರಬೇಕು. ಎ4 ಉದ್ದ 297 ಮಿ.ಮೀ., ‘ಲೆಟರ್’ ಸೈಜ್ ಹಾಳೆ ಅದಕ್ಕಿಂತ ಸುಮಾರು 18 ಮಿ.ಮೀ. ಗಿಡ್ಡ. ಇದು ತಪ್ಪಿದ್ದರೆ ಉಳಿದದ್ದೇನು ಮಾಡಿದರೂ ದಂಡ.

ಲೇಬಲ್ ಹಾಳೆಯನ್ನು ಸುಮ್ನೆ ಯಾಕೆ ಹಾಳು ಮಾಡಬೇಕು, ಅಲ್ವಾ? ಸಾದಾ ಹಾಳೆಯಲ್ಲಿ ಪ್ರಿಂಟ್ ತೆಗೆದು, ಲೇಬಲ್ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಎಲ್ಲಾ ಕಡೆ ಒಂದೇ ಸಮ ಸರಿದಿದ್ದರೆ ಮಾರ್ಜಿನ್ ತಿದ್ದಿದರೆ ಸಾಕು. ಕೆಳಗೆ ಹೋದಂತೆ ವ್ಯತ್ಯಾಸ ಜಾಸ್ತಿಯಾದರೆ ಸ್ಕೇಲ್ (ಪ್ರಿಂಟ್ ಗಾತ್ರದ ಶೇಕಡಾ) ಅಥವಾ ಲೇಬಲ್‌ಗಳ ನಡುವಿನ ಅಂತರ ತಪ್ಪಿರುತ್ತದೆ. ಓರೆಯಾಗಿದ್ದರೆ ಟ್ರೇ ಗೈಡ್‌ಗಳನ್ನು (ಹಾಳೆಯ ಪಕ್ಕ ಹಿಡಿಯುವ ಪಟ್ಟಿಗಳು) ಹಾಳೆಗೆ ತಾಗುವಂತೆ ಸರಿಸಿ, ಒಂದೊಂದೇ ಹಾಳೆ ಹಾಕಿ. ಅರ್ಧ ಲೇಬಲ್ ಕಿತ್ತ ಹಾಳೆಯನ್ನು ಲೇಸರ್ ಪ್ರಿಂಟರ್‌ಗೆ ಮಾತ್ರ ಮತ್ತೆ ಹಾಕಬೇಡಿ, ಬಿಸಿಗೆ ಲೇಬಲ್ ಒಳಗೇ ಅಂಟಿಕೊಳ್ಳಬಹುದು.