ಉಣ್ಣೆ ತೊಳೆದ ಮೂರು ನೀರು

ನಾನು ಹಾವೇರಿ ಜಿಲ್ಲೆಯ ಮೇಡ್ಲೇರಿ ಕಡೆಯ ಕಂಬಳಿ ನೇಯುವ ಮನೆಗೆ ಸೊಸೆಯಾಗಿ ಬಂದಾಗ ಉಣ್ಣೆ ತೊಳೆಯಲು ಹಳ್ಳಕ್ಕೆ ಹೋಗುತ್ತಿದ್ದೆವು. ಹರಿಯುವ ನೀರನ್ನು ಯಾರೂ ಕೊಡಗಳಲ್ಲಿ ಎಣಿಸುತ್ತಿರಲಿಲ್ಲ. ಈಗ ನಲ್ಲಿಯ ದಾರಿ ಕಾಯಬೇಕು. ಐದು ಕೆಜಿ ಉಣ್ಣೆಗೆ ಹತ್ತು ಕೊಡ ಸುರಿದು ಎಲ್ಲವನ್ನೂ ಬಚ್ಚಲಿಗೆ ಬಿಡುವವರನ್ನು ಕಂಡರೆ ಕರುಳು ಚುರುಕ್ಕೆನ್ನುತ್ತದೆ.

ನೀರು ಮುಟ್ಟುವ ಮೊದಲು ಉಣ್ಣೆಯನ್ನು ಹಗ್ಗದ ಹೊರಸಿನ ಮೇಲೆ ಹರಡಿ ಕೋಲಿನಿಂದ ಬಡಿಯಿರಿ. ಮಣ್ಣು, ಹಿಕ್ಕೆ, ಉತ್ತರಾಣಿ ಬೀಜ ಕೆಳಗೆ ಬೀಳುತ್ತವೆ. ಉದುರಿದ್ದೆಲ್ಲ ತಿಪ್ಪೆಗೆ.

ಆಮೇಲೆ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಈ ಮೊದಲ ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅದು ಬರೀ ಕೊಳೆಯಲ್ಲ, ಕುರಿಯ ಬೆವರಿನ ಉಪ್ಪು. ಅದರಲ್ಲಿ ಗಿಡಕ್ಕೆ ಗೊಬ್ಬರವಾಗುವ ಪೊಟ್ಯಾಷ್ ಹೇರಳ. ಒಂದು ಕೊಡಕ್ಕೆ ಮೂರು ಕೊಡ ಸಾದಾ ನೀರು ಬೆರೆಸಿ ತೆಂಗು, ಬಾಳೆಗಳ ಬುಡಕ್ಕೆ ಹಾಕಿ. ಸೊಪ್ಪಿನ ಮಡಿಗೆ ಮಾತ್ರ ಬೇಡ.

ಎರಡನೆಯದೇ ಕಾಟದ ನೀರು. ಜಿಡ್ಡು ಕರಗಬೇಕಾದರೆ ಬಿಸಿ ಬೇಕು, ನೊರೆ ಬೇಕು. ನಮ್ಮ ದಖನಿ ಕುರಿಯ ಉಣ್ಣೆಯಲ್ಲಿ ಮೆರಿನೊ ಎಂಬ ವಿದೇಶಿ ತಳಿಯದರಷ್ಟು ಜಿಡ್ಡಿಲ್ಲ ಎಂಬುದೇ ಪುಣ್ಯ. ಅಂಟುವಾಳ ಕಾಯಿ ಸಾಕಾಗುತ್ತದೆ. ಉಣ್ಣೆಯನ್ನು ಅದುಮಿ ಬಿಡಿ, ತಿಕ್ಕಬೇಡಿ; ತಿಕ್ಕಿದರೆ ಗಂಟುಗಟ್ಟಿ ಕುಳಿತುಬಿಡುತ್ತದೆ. ಬಟ್ಟೆ ಸೋಡಾದ ಆಸೆಯಂತೂ ಬೇಡವೇ ಬೇಡ. ಒಮ್ಮೆ ಅವಸರಕ್ಕೆ ಅದನ್ನೇ ಹಾಕಿ, ಆ ನೀರನ್ನು ಬದನೆ ಗಿಡಗಳಿಗೆ ಬಿಟ್ಟೆ. ನಮ್ಮದು ಎರೆಮಣ್ಣು. ಸೋಡಾ ಕುಡಿದ ಎರೆ ಹಸಿಯಿದ್ದಾಗ ಅಂಟು, ಒಣಗಿದಾಗ ಹೆಂಚು. ಎರಡು ವರ್ಷ ಅಲ್ಲಿ ಗುದ್ದಲಿ ಇಳಿಯಲಿಲ್ಲ. ಅತ್ತೆಯವರು ಏನೂ ಅನ್ನಲಿಲ್ಲ, ಆದರೆ ಸಂತೆಯಿಂದ ಬದನೆಕಾಯಿ ತಂದಾಗಲೆಲ್ಲ ನನ್ನ ಕೈಗೇ ಕೊಟ್ಟರು.

ಈ ಜಿಡ್ಡಿನ ನೀರನ್ನು ಬಾನಿಯಲ್ಲಿ ಆರಲು ಬಿಡಿ. ಮೇಲೆ ಕೆನೆಯಂತೆ ಕಟ್ಟಿದ್ದನ್ನು ಸೌಟಿನಿಂದ ತೆಗೆಯಿರಿ. ಕೊಡಕ್ಕೆ ಒಂದು ಚಮಚದಂತೆ ಪಟಿಕದ ಪುಡಿ ಹಾಕಿ, ಒಂದೆರಡು ನಿಮಿಷ ತಿರುವಿ, ರಾತ್ರಿ ಅಲುಗಾಡಿಸದೆ ಬಿಡಿ. ತಿಳಿಯಾಗದಿದ್ದರೆ ಇನ್ನರ್ಧ ಚಮಚ. ತಿಳಿಯನ್ನು ಬಗ್ಗಿಸಿಕೊಂಡು, ಉಸುಕು ತುಂಬಿದ ತೂತು ಬಕೆಟ್ಟಿನಲ್ಲಿ ಸೋಸಿದರೆ ದನದ ಕೊಟ್ಟಿಗೆ, ಅಂಗಳ ತೊಳೆಯಲು ಆಗುತ್ತದೆ. ಕುಡಿಯಲು ದನಕ್ಕೂ ಬೇಡ. ಕೆಳಗಿನ ರಾಡಿಯನ್ನು ಒಣಹುಲ್ಲಿನ ಜೊತೆ ತಿಪ್ಪೆಯಲ್ಲಿ ಹುಗಿಯಿರಿ. ಜಿಡ್ಡು ಕೊಳೆಯಲು ತಿಂಗಳುಗಳೇ ಬೇಕು.

ಮೂರನೆಯದು ಜಾಲಾಡಿಸಿದ ನೀರು. ಅದನ್ನು ಚೆಲ್ಲಿದರೆ ನನ್ನೊಡನೆ ಜಗಳ. ಮುಂದಿನ ಉಣ್ಣೆಯನ್ನು ಅದರಲ್ಲೇ ನೆನೆಸಿ. ಎರಡು ದಿನದೊಳಗೆ ಬಳಸದಿದ್ದರೆ ನಾರುತ್ತದೆ, ಸೊಳ್ಳೆಯೂ ಸೇರುತ್ತದೆ.

ಉಣ್ಣೆ ಕೊಳ್ಳುವಾಗಲೇ ಒಂದು ಮಾತು ಕೇಳಿಕೊಳ್ಳಿ: ಉಣ್ಣಿ, ಹೇನುಗಳಿಗೆಂದು ಕುರಿಗಳನ್ನು ಇತ್ತೀಚೆಗೆ ಔಷಧದ ನೀರಿನಲ್ಲಿ ಅದ್ದಿದ್ದರೇ? ಹೌದೆಂದರೆ ಆ ಉಣ್ಣೆಯನ್ನು ಮನೆಗೆ ತರಬೇಡಿ. ಅಂಥ ಔಷಧಗಳಲ್ಲಿ ಕೆಲವು, ತೊಳೆದ ನೀರಿನೊಂದಿಗೆ ಹಳ್ಳಕ್ಕೆ ಇಳಿದರೆ ಮೀನು ಸತ್ತು ತೇಲುತ್ತವೆ. ಪಟಿಕ, ಉಸುಕು ಆ ಔಷಧವನ್ನು ತೆಗೆಯಲಾರವು.