ಮಲೆನಾಡಿನ ಮನೆಯ 4ಜಿ ರೂಟರಿಗೆ ಹೊರ ಆಂಟೆನಾ

ಸುತ್ತ ಗುಡ್ಡ, ತಗ್ಗಿನಲ್ಲಿ ಅಡಿಕೆ ತೋಟ, ಅದರ ಅಂಚಿಗೆ ಮನೆ. ಇಂಥ ಕಡೆ ಸಿಮ್ ಹಾಕುವ 4ಜಿ ರೂಟರ್ ಜಗಲಿಯ ಯಾವುದೋ ಒಂದು ಕಿಟಕಿಯಲ್ಲಿ ಇಟ್ಟರೆ ಮಾತ್ರ ನಡೆಯುತ್ತದೆ. ಇದಕ್ಕೆ ಹೊರ ಆಂಟೆನಾ ಒಳ್ಳೆಯ ಪರಿಹಾರವೇ ಹೌದು. ಆದರೆ ತರಿಸುವ ಮೊದಲು ರೂಟರಿನ ಹಿಂಬದಿಯನ್ನು ನೋಡಬೇಕು. ಅಲ್ಲಿ ಆಂಟೆನಾ ತಿರುಪಿ ಕೂರಿಸುವ ಕನೆಕ್ಟರಿನಲ್ಲಿ ಎರಡು ಬಗೆ: ಮೊಬೈಲ್ ಸಿಗ್ನಲಿನದು ಸಾಮಾನ್ಯವಾಗಿ ಎಸ್‌ಎಂಎ, ವೈಫೈಯದು ಆರ್‌ಪಿ-ಎಸ್‌ಎಂಎ. ರೂಟರಿನ ಕಡೆಯ ಕನೆಕ್ಟರಿನ ನಡುವೆ ಸಣ್ಣ ರಂಧ್ರವಿದ್ದರೆ ಮೊದಲನೆಯದು, ಸೂಜಿಯಂಥ ಪಿನ್ ಇದ್ದರೆ ಎರಡನೆಯದು. ಒಂದರ ಮೇಲೆ ಇನ್ನೊಂದರ ತಿರುಪು ಸರಿಯಾಗಿಯೇ ಕೂರುತ್ತದೆ, ಒಳಗೆ ಮಾತ್ರ ತಾಗುವುದಿಲ್ಲ. ಆಂಟೆನಾ ಕೆಟ್ಟಿದೆಯೆಂದು ಹಿಂದಿರುಗಿಸುವವರಲ್ಲಿ ಕೆಲವರಿಗೆ ಆಗಿರುವುದು ಇಷ್ಟೇ. ಕನೆಕ್ಟರೇ ಇಲ್ಲದ ರೂಟರನ್ನು ಬಿಚ್ಚಿ ಬೆಸುಗೆ ಹಾಕುವ ಸಾಹಸ ಬೇಡ.

4ಜಿ ರೂಟರ್ ಏಕಕಾಲಕ್ಕೆ ಎರಡು ಆಂಟೆನಾಗಳಿಂದ ಸಿಗ್ನಲ್ ಪಡೆಯುವುದರಿಂದ ಆಂಟೆನಾಗಳೂ ಎರಡಿರಬೇಕು. ಎರಡೂ ಒಂದೇ ದಿಕ್ಕಿಗೆ ಮುಖಮಾಡಿ, ಒಂದು ಎಡಕ್ಕೆ 45 ಡಿಗ್ರಿ, ಇನ್ನೊಂದು ಬಲಕ್ಕೆ 45 ಡಿಗ್ರಿ ಓರೆಯಾಗಿರಬೇಕು.

ಹೆಚ್ಚಿನವರು ಸೋಲುವುದು ಕೇಬಲ್ಲಿನಲ್ಲಿ. ಅಗ್ಗದ ಆರ್‌ಜಿ-58 ಕೇಬಲ್ 4ಜಿ ಬಳಸುವ ತರಂಗಗಳಲ್ಲೊಂದಾದ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ (ಸಿಗ್ನಲ್ ಏರಿಳಿತದ ಅಳತೆ) ನುಂಗುತ್ತದೆ. 10 ಮೀಟರ್ ಎಳೆದರೆ ಸಿಗ್ನಲಿನ ಹತ್ತರಲ್ಲಿ ಒಂದು ಪಾಲು ಮಾತ್ರ ರೂಟರಿಗೆ ತಲುಪುತ್ತದೆ, ಅಂದರೆ ಆಂಟೆನಾ ಗಳಿಸಿದ್ದನ್ನೆಲ್ಲ ಕೇಬಲ್ಲೇ ತಿಂದಂತೆ. ಆದ್ದರಿಂದ ಆಂಟೆನಾದ ಕೇಬಲ್ಲನ್ನು ಜಗಲಿಯವರೆಗೆ ಇಳಿಸುವ ಬದಲು ರೂಟರನ್ನೇ ಅಟ್ಟಕ್ಕೆ ಏರಿಸಿ, ಅಲ್ಲಿಂದ ಕೆಳಗೆ ಲ್ಯಾನ್ ಕೇಬಲ್ ಎಳೆದು ಇನ್ನೊಂದು ಸಾದಾ ವೈಫೈ ರೂಟರ್ ಇಡುವುದೇ ಜಾಣತನ. ಲ್ಯಾನ್ ಕೇಬಲ್ 100 ಮೀಟರಿನವರೆಗೂ ವೇಗವನ್ನು ಕಳೆಯುವುದಿಲ್ಲ. ಹೆಂಚಿನ ಮಾಡಾದರೆ ಇದು ಸಲೀಸು. ತಗಡಿನ ಮಾಡಿನಡಿ ಮಾತ್ರ ಬೇಸಿಗೆಯಲ್ಲಿ ರೂಟರ್ ಕಾಯುತ್ತದೆ.

ದಿಕ್ಕು ಹೊಂದಿಸಲು ಇಬ್ಬರು ಬೇಕು. ಒಬ್ಬರು ಕಂಬ ತಿರುಗಿಸಿದರೆ ಇನ್ನೊಬ್ಬರು ರೂಟರಿನ ಸೆಟ್ಟಿಂಗ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಮತ್ತು ಎಸ್‌ಐಎನ್‌ಆರ್ ಎಂಬ ಎರಡು ಅಂಕಿಗಳನ್ನು ನೋಡುತ್ತಿರಬೇಕು. ಮೊದಲನೆಯದು ಸಿಗ್ನಲಿನ ಬಲ: ಮೈನಸ್ 110 ಎಂದರೆ ದುರ್ಬಲ, ಮೈನಸ್ 85 ಎಂದರೆ ಚೆನ್ನಾಗಿದೆ. ಎರಡನೆಯದು ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟವೆಂಬುದನ್ನು ಹೇಳುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಈ ಎರಡನೆಯದನ್ನೇ ನಂಬುತ್ತೇನೆ. ಹದಿನೈದು ಡಿಗ್ರಿಯಷ್ಟು ತಿರುಗಿಸಿ, ಒಂದು ನಿಮಿಷ ಕಾದು, ಅಂಕಿ ಬರೆದುಕೊಂಡು ಮುಂದೆ ಸಾಗಬೇಕು. ಟವರ್ ಗುಡ್ಡದ ಮರೆಯಲ್ಲಿದ್ದರೆ ಒಳ್ಳೆಯ ಸಿಗ್ನಲ್ ಟವರಿನ ನೇರಕ್ಕೇ ಸಿಗಬೇಕೆಂದಿಲ್ಲ. ಎರಡು ಗುಡ್ಡಗಳ ನಡುವಿನ ಸಂದಿನಿಂದಲೂ ಬರಬಹುದು.

ಕಂಬವನ್ನು ವಿದ್ಯುತ್ ತಂತಿಯಿಂದ ದೂರ ನಿಲ್ಲಿಸಿ. ಕಬ್ಬಿಣದ್ದಾದರೆ ಅರ್ತಿಂಗ್ ಕಡ್ಡಾಯ. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಅದೊಂದೇ ಸಾಲದು. ಮೋಡ ಕಟ್ಟುವಾಗಲೇ ಆಂಟೆನಾ, ಲ್ಯಾನ್, ವಿದ್ಯುತ್ ಮೂರನ್ನೂ ಬಿಡಿಸಿಡಬೇಕು. ಆಂಟೆನಾ ಬದಲು ಸಿಗ್ನಲನ್ನು ಹಿಗ್ಗಿಸಿ ಮರುಪ್ರಸಾರ ಮಾಡುವ ಬೂಸ್ಟರ್ ಮಾರಲು ಬಂದರೆ ಕೊಳ್ಳಬೇಡಿ. ಪರವಾನಗಿಯಿಲ್ಲದೆ ಅದನ್ನು ಬಳಸುವುದು ನಮ್ಮ ದೇಶದಲ್ಲಿ ಅಪರಾಧ.

ಕೇಬಲ್ ಮಾಡಿನೊಳಗೆ ನುಗ್ಗುವ ಮುನ್ನ ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಹೊರಗಿನ ಕನೆಕ್ಟರಿಗೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ. ಮಳೆಗಾಲ ಕಳೆದ ಮೇಲೆ ಅಂಕಿಗಳು ಇಳಿದಿದ್ದರೆ ಆಂಟೆನಾ ತಿರುಗಿಸಲು ಹೋಗದೆ ಮೊದಲು ಆ ಟೇಪು ಬಿಚ್ಚಿ ನೋಡಿ: ಕನೆಕ್ಟರಿನ ಒಳಗೆ ಹಸಿರು ಕಿಲುಬು ಕಟ್ಟಿರುತ್ತದೆ.