ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿಗೆ ಹಿಂದಿನ ಬ್ರೇಕ್ ನಾನೇ ಹಾಕಿದ್ದು

ಕಾರಿನ ಕಂಪ್ಯೂಟರಿಗೆ ಚುಚ್ಚುವ ಸ್ಕ್ಯಾನರ್ ಇಲ್ಲದೆ ಈ ಕೆಲಸ ಆಗಲ್ಲ ಅಂತ ಗೊತ್ತಿರುವವರೆಲ್ಲ ಹೇಳಿದ್ದರು. ಆಗುತ್ತದೆ. ಹಿಂದಿನ ಎರಡೂ ಚಕ್ರಕ್ಕೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿ ಆರು ತಿಂಗಳಾಯಿತು. ಮೀಟರಿನಲ್ಲಿ ಒಂದು ಎಚ್ಚರಿಕೆ ದೀಪವೂ ಹತ್ತಿಲ್ಲ. ಗ್ಯಾರೇಜಿನವರು ಕೇಳಿದ್ದ ಹಣದ ಮೂರನೇ ಒಂದು ಭಾಗದಲ್ಲಿ ಮುಗಿಯಿತು. ಆದರೆ ಇದು ಎರಡನೇ ಸಲದ ಲೆಕ್ಕ. ಮೊದಲ ಸಲ ಉಳಿಸಲು ಹೋಗಿ ಗ್ಯಾರೇಜಿಗೆ ಕೊಡುವುದಕ್ಕಿಂತ ಜಾಸ್ತಿ ಕಳೆದಿದ್ದೆ.

ಆಗ ಆಗಿದ್ದು ಇಷ್ಟು. ಸ್ವಿಚ್ ಒತ್ತಿ ಹ್ಯಾಂಡ್‌ಬ್ರೇಕ್ ಬಿಡಿಸಿದ್ದೇನಲ್ಲ, ಇನ್ನೇನು ಅಂತ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಸಿ-ಕ್ಲ್ಯಾಂಪ್ ಹಾಕಿ ಒಳಗೆ ಒತ್ತಿದೆ. ಸ್ವಲ್ಪ ಹೋಗಿ ನಿಂತಿತು. ತುಕ್ಕು ಹಿಡಿದಿರಬೇಕು ಅಂದುಕೊಂಡು ಇನ್ನೂ ಬಿಗಿದೆ. ಒಳಗೆ ಟಕ್ ಅಂತು. ಸ್ವಿಚ್ಚಿನಿಂದ ಬಿಡಿಸಿದಾಗ, ಹ್ಯಾಂಡ್‌ಬ್ರೇಕಿನ ಪುಟ್ಟ ಮೋಟಾರ್ ಪಿಸ್ಟನ್ ಒಳಗಿನ ನಟ್ಟನ್ನು ಹಿಂದೆ ಸರಿಸುವುದು ಸ್ವಲ್ಪವೇ. ಹೊಸ ಪ್ಯಾಡ್ ಹಿಡಿಯುವಷ್ಟು ಜಾಗ ಆಗಬೇಕಾದರೆ ಆ ನಟ್ ಪೂರ್ತಿ ಹಿಂದೆ ಹೋಗಬೇಕು. ನಾನು ಒತ್ತಿದ್ದು ಪಿಸ್ಟನ್ನನ್ನಲ್ಲ, ಆ ನಟ್ಟನ್ನು. ಪಿಸ್ಟನ್, ಪ್ಯಾಡ್ ಕೂರುವ ಇಡೀ ಕ್ಯಾಲಿಪರ್ ಹೊಸದು ತರಬೇಕಾಯಿತು. ಬ್ರೇಕ್ ಆಯಿಲ್ ಬದಲಿಸಿ, ಪೈಪಿನೊಳಗೆ ಸೇರಿದ ಏರ್ ತೆಗೆಯುವುದರಲ್ಲಿ ಒಂದು ಭಾನುವಾರ ಹೋಯಿತು.

ಆಮೇಲೆ ಅಗ್ಗದ ಸ್ಕ್ಯಾನರ್ ಒಂದನ್ನು ಕೊಂಡೆ. ನಟ್ಟನ್ನು ಪೂರ್ತಿ ಹಿಂದೆ ಕಳಿಸುವ ಸರ್ವಿಸ್ ಮೋಡ್ ಇದೆ ಅಂತ ಬರೆದಿತ್ತು. ಬಲಗಡೆಯ ನಟ್ ಹಿಂದೆ ಹೋಯಿತು, ಎಡಗಡೆಯದು ಅರ್ಧಕ್ಕೆ ನಿಂತು ಎರರ್ ತೋರಿಸಿತು. ಬಾಗಿಲು ತೆಗೆದೇ ಇಟ್ಟು, ಇಗ್ನಿಷನ್ ಆನ್ ಮಾಡಿಕೊಂಡು ಒಂದು ಗಂಟೆ ಕೆಲಸ ಮಾಡಿದ್ದೆ, ಬ್ಯಾಟರಿ 12 ವೋಲ್ಟಿಗಿಂತ ಕೆಳಗೆ ಬಂದಿತ್ತು. ಸ್ಕ್ಯಾನರ್ ಬಳಸುವವರು ಚಾರ್ಜರ್ ಹಾಕಿಕೊಂಡೇ ಶುರು ಮಾಡಿ.

ಕೊನೆಗೆ ಕೈಗೆ ಹತ್ತಿದ ದಾರಿ ಇದು. ಆ ಮೋಟಾರಿಗೆ ಬರುವುದು ಎರಡೇ ವೈರ್, ಬೇಕಿರುವುದು 12 ವೋಲ್ಟ್. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟೆ. ಇದನ್ನು ಬಿಡಲೇಬೇಡಿ, ಹಿಂದಿನ ಬ್ರೇಕ್ ಬಿಟ್ಟ ಮೇಲೆ ಕಾರು ಉರುಳಬಹುದು. ಇಗ್ನಿಷನ್ ಆಫ್ ಮಾಡಿ ಕೀ ದೂರ ಇಟ್ಟೆ. ಕನೆಕ್ಟರ್ ಬಿಚ್ಚಿ, ಡ್ರಿಲ್ಲಿನ 12 ವೋಲ್ಟ್ ಬ್ಯಾಟರಿಯಿಂದ ಮೋಟಾರಿಗೆ ನೇರ ಕೊಟ್ಟೆ. ನಡುವೆ ಒಂದು 15 ಆಂಪಿಯರ್ ಫ್ಯೂಸ್ ಹಾಕಿದ್ದೆ.

ಯಾವ ಪಿನ್ನಿಗೆ ಪ್ಲಸ್ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಅದಕ್ಕೇ ಕ್ಯಾಲಿಪರ್ ಇನ್ನೂ ಬಿಚ್ಚಿರಬಾರದು. ಚಕ್ರ ಮಾತ್ರ ತೆಗೆದು, ಡಿಸ್ಕನ್ನು ಕೈಯಲ್ಲಿ ತಿರುಗಿಸುತ್ತಾ, ವೈರನ್ನು ಅರೆ ಕ್ಷಣ ಮುಟ್ಟಿಸಿ. ಡಿಸ್ಕ್ ಬಿಗಿಯಾದರೆ ದಿಕ್ಕು ತಪ್ಪು, ವೈರ್ ಅದಲುಬದಲು ಮಾಡಿ. ಸರಿಯಾದ ದಿಕ್ಕಿನಲ್ಲಿ ಮೋಟಾರ್ ಹಗುರವಾಗಿ ಗುಂಯ್‌ಗುಡುತ್ತದೆ. ಚಿಕ್ಕ ಚಿಕ್ಕದಾಗಿ ಮುಟ್ಟಿಸಿ ಬಿಡಿ. ಸದ್ದು ದಪ್ಪಗಾದ ತಕ್ಷಣ ಕೈ ತೆಗೆಯಿರಿ. ಅಲ್ಲಿಗೆ ನಟ್ ಕೊನೆ ಮುಟ್ಟಿದೆ. ಇನ್ನೂ ಒತ್ತಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಒಳಗಿನ ಪ್ಲಾಸ್ಟಿಕ್ ಗೇರೂ ಹಲ್ಲು ಮುರಿಯಬಹುದು.

ಕುತೂಹಲಕ್ಕೆ ಆಂಪಿಯರ್ ಮೀಟರ್ ಹಾಕಿಯೂ ನೋಡಿದೆ. ಸುಮ್ನೆ ತಿರುಗುವಾಗ ಎರಡೋ ಮೂರೋ ಆಂಪಿಯರ್ ಇದ್ದ ನೆನಪು. ಕೊನೆ ಮುಟ್ಟುವಾಗ ಒಂದೇಟಿಗೆ ಹತ್ತರ ಮೇಲೆ ಹಾರಿತು. ಕಿವಿ ಮೇಲೆ ನಂಬಿಕೆ ಇಲ್ಲದವರು ಮೀಟರ್ ನೋಡಿಯೇ ಮಾಡಬಹುದು. ಇನ್ನೊಂದು ಕಡೆ ಬೇರೆ ಥರ ಮಾಡಿದೆ: ಎರಡು ಸ್ಟಾರ್ ಸ್ಕ್ರೂ ಬಿಚ್ಚಿ ಮೋಟಾರನ್ನೇ ತೆಗೆದು, ನಟ್ಟನ್ನು ನಡೆಸುವ ಸ್ಪಿಂಡಲನ್ನು ಸಾಕೆಟ್ಟಿನಿಂದ ಕೈಯಲ್ಲೇ ತಿರುಗಿಸಿದೆ. ಇದೂ ಚೆನ್ನಾಗಿ ಆಗುತ್ತದೆ. ಆದರೆ ಮೋಟಾರ್ ಕೂರುವ ಕಡೆಯ ರಬ್ಬರ್ ರಿಂಗ್ ಮಡಚಿಕೊಂಡಿತ್ತು. ಹಾಗೇ ಬಿಟ್ಟರೆ ನೀರು ಒಳಗೆ ಹೋಗುತ್ತದೆ. ಹೊಸ ರಿಂಗ್ ಹಾಕಿ ಕೂರಿಸಿದೆ.

ನಟ್ ಹಿಂದೆ ಹೋದ ಮೇಲೆ ಪಿಸ್ಟನ್ ಬೆಣ್ಣೆಯಂತೆ ಒಳಗೆ ಹೋಯಿತು. ತಿರುಗಿಸುವುದು ಬೇಡ, ನೇರ ಒತ್ತಿದರೆ ಸಾಕು. ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲದಂತೆ ನೋಡಿಕೊಳ್ಳಿ.

ಹಳೆ ಪ್ಯಾಡ್ ಕೈಯಲ್ಲಿ ಹಿಡಿದು ನೋಡಿದಾಗ ಒಳಗಿನದು 2 ಮಿಲಿಮೀಟರ್, ಹೊರಗಿನದು 4ರ ಹತ್ತಿರ. ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ಒಂದು ಕಚ್ಚಿಕೊಂಡಿತ್ತು. ಅದನ್ನು ಬಿಡಿಸಿ, ತೊಳೆದು, ಸಿಲಿಕೋನ್ ಗ್ರೀಸ್ ಹಾಕದೆ ಹೊಸ ಪ್ಯಾಡ್ ಹಾಕಿದರೆ ದುಡ್ಡು ದಂಡ. ಡಿಸ್ಕ್ ಕೂರುವ ಹಬ್ಬಿನ ಮುಖದ ತುಕ್ಕನ್ನು ಕಬ್ಬಿಣದ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ತಿರುಗುತ್ತದೆ. ಡಿಸ್ಕ್ ಹಿಡಿದಿದ್ದ ಸಣ್ಣ ಸ್ಕ್ರೂ ಜಪ್ಪಯ್ಯ ಅಂದರೂ ಬರಲಿಲ್ಲ. ಅದನ್ನು ಡ್ರಿಲ್ ಮಾಡದೆ ತೆಗೆದ ಉಪಾಯ ನನ್ನದೇ. ಅದೊಂದನ್ನು ಇಲ್ಲಿ ಬರೆಯುವುದಿಲ್ಲ.

ಜೋಡಿಸಿದ ಮೇಲಿನ ಕ್ರಮದಲ್ಲೇ ಎಲ್ಲರೂ ಎಡವುವುದು. ಕನೆಕ್ಟರ್ ಹಾಕಿ. ಆದರೆ ಸ್ವಿಚ್ ಮುಟ್ಟುವ ಮೊದಲು ಕಾಲಿನ ಪೆಡಲನ್ನು ಮೆಲ್ಲಗೆ ಒತ್ತುತ್ತಾ ಹೋಗಿ, ಗಟ್ಟಿಯಾಗುವವರೆಗೆ. ಪಿಸ್ಟನ್ ಪ್ಯಾಡಿಗೆ ತಾಗಬೇಕು. ಆಮೇಲೆ ಇಗ್ನಿಷನ್ ಆನ್, ಸ್ವಿಚ್ ಎಳೆಯಿರಿ, ಬಿಡಿ. ಮೊದಲ ಸಲ ಮೋಟಾರ್ ಜಾಸ್ತಿ ಹೊತ್ತು ತಿರುಗಿತು, ದೀಪ ಮಿನುಗಿತು. ಮೂರನೇ ಸಲಕ್ಕೆ ಆರಿತು. ಐದು ಸಲ ಮಾಡಿ ಬಿಟ್ಟೆ. ಕೆಲವು ಕಾರಿಗೆ ಸ್ಕ್ಯಾನರಿನಿಂದಲೇ ಕ್ಯಾಲಿಬ್ರೇಷನ್ ಮಾಡಬೇಕಾಗುತ್ತದೆ, ನಿಮ್ಮ ಕಾರಿನ ಮ್ಯಾನುವಲ್ ನೋಡಿಕೊಳ್ಳಿ. ನನ್ನದಕ್ಕೆ ಬೇಕಾಗಲಿಲ್ಲ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಸಲ ಬ್ರೇಕ್ ಹಿಡಿದೆ. ವಾಪಸ್ ಬಂದು ಇಳಿಜಾರಿನಲ್ಲಿ ನಿಲ್ಲಿಸಿ ಇಳಿದೆ. ಕಾರು ಅಲ್ಲಾಡಲಿಲ್ಲ. ಕೆಲವು ನಿಮಿಷ ಬಿಟ್ಟು, ಯಾರೂ ಒಳಗಿಲ್ಲದಾಗ, ಹಿಂದಿನಿಂದ ಒಂದು ಸಲ ಗುಂಯ್ ಅಂತು. ಎದೆ ಝಲ್ಲೆಂದಿತು. ಬಿಸಿಯಾದ ಡಿಸ್ಕ್ ಆರಿದಾಗ ಕುಗ್ಗುತ್ತದೆ, ಆಗ ಹಿಡಿತ ಸಡಿಲ ಆಗದಿರಲಿ ಅಂತ ಮೋಟಾರ್ ತಾನೇ ಇನ್ನೊಮ್ಮೆ ಬಿಗಿಯುತ್ತದೆ ಅಲ್ವಾ, ಅದು. ಹೊಸ ಕ್ಯಾಲಿಪರೂ ಹಳೆಯದೂ ಒಟ್ಟಿಗೇ ಸದ್ದು ಮಾಡಿದ್ದವು.